ಕೆಳಗೆ ಅಂಗಡಿ, ಮೇಲೆ ಮನೆ: ಮುಂಗಡ ಕೊಡುವ ಮೊದಲು ನೋಡಬೇಕಾದ್ದು

ಒಂದೇ ಕಾಂಪೌಂಡಿನೊಳಗೆ ಫ್ಲ್ಯಾಟು, ಆಫೀಸು, ಮಾಲ್, ಜಿಮ್ಮು, ಹೋಟೆಲ್ಲು ಎಲ್ಲ ಇರುವ ದೊಡ್ಡ ಸಮುಚ್ಚಯದಲ್ಲಿ ಮನೆ ಕೊಳ್ಳುವುದು ಬರೀ ಅಪಾರ್ಟ್‌ಮೆಂಟ್ ಕೊಂಡಂತಲ್ಲ. ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಂತೂ ಮೊದಲ ವಿಚಾರಣೆ ನೀರಿನದೇ ಆಗಬೇಕು.

1. ಉಬ್ಬರದ ಗೆರೆ ಎಲ್ಲಿದೆ? ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್ ಒಳಗಿನ ಜಾಗ ಸಿಆರ್‌ಝಡ್ (ಕಟ್ಟಡಗಳಿಗೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಗೆ ಬರುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆ ದಂಡೆಗಳಿಗೂ ನಿರ್ಬಂಧವಿದೆ. ಸಮುದ್ರ ಕಾಣದ ಜಾಗವೆಂದು ನಿಶ್ಚಿಂತರಾಗಬೇಡಿ. ಸರ್ವೆ ನಂಬರನ್ನು 2019ರ ಸಿಆರ್‌ಝಡ್ ಅಧಿಸೂಚನೆಯಂತೆ ಸಿದ್ಧವಾದ ನಕ್ಷೆಯ ಮೇಲೆ ನೀವೇ ಗುರುತಿಸಿ ನೋಡಿ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿಯೂ ಬೇಕು. ಅದರ ಪ್ರತಿ ಕೇಳಿ ಪಡೆಯಿರಿ.

2. ಯಾವ ಹಂತ ನೋಂದಣಿಯಾಗಿದೆ? ಇಂಥ ಯೋಜನೆಗಳನ್ನು ಹಂತ ಹಂತವಾಗಿ ಕಟ್ಟುತ್ತಾರೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಪ್ರತಿ ಹಂತವೂ ಬೇರೆ ಯೋಜನೆ, ಬೇರೆ ನೋಂದಣಿ. ಮಾಲ್‌ನ ನಂಬರ್ ತೋರಿಸಿ ಮೂರನೇ ಹಂತದ ಫ್ಲ್ಯಾಟು ಮಾರಿದರೆ ಒಪ್ಪಬೇಡಿ. ಮಾರಾಟ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

3. ಮನೆ, ಅಂಗಡಿ ಎಲ್ಲಿ ಬೇರೆಯಾಗುತ್ತವೆ? ಜನ ಸೋಲುವುದು ಇಲ್ಲೇ. ಮಂಜೂರಾದ ಪ್ಲಾನ್ ಹರಡಿಕೊಂಡು ಗೇಟಿನಿಂದ ನಿಮ್ಮ ಬಾಗಿಲಿನವರೆಗೆ ಬೆರಳಾಡಿಸಿ. ಮನೆಯವರಿಗೆ ಬೇರೆ ಲಿಫ್ಟ್ ಇದೆಯೇ? ಮೀನು-ತರಕಾರಿ ಲಾರಿ ನಿಲ್ಲುವ ಜಾಗ ಯಾರ ಬೆಡ್‌ರೂಮಿನ ಕೆಳಗೆ? ಜನರೇಟರ್ ಎಲ್ಲಿ? ಹೆಸ್ಕಾಂ ಕರೆಂಟ್ ಮೀಟರ್, ನೀರಿನ ಮೀಟರ್ ಪ್ರತ್ಯೇಕವೇ? ಹೋಟೆಲಿನ ಜಿಡ್ಡಿನ ನೀರೂ ನಿಮ್ಮ ಬಚ್ಚಲಿನ ನೀರೂ ಒಂದೇ ಶುದ್ಧೀಕರಣ ಘಟಕಕ್ಕೆ ಹೋಗುವುದಾದರೆ, ಅದರ ಖರ್ಚಿನಲ್ಲಿ ಅಂಗಡಿಗಳ ಪಾಲೆಷ್ಟು ಎಂಬುದು ಕರಾರಿನಲ್ಲೇ ಇರಬೇಕು. ಬಾಯಿಮಾತು ಸಾಲದು. ಇಂದು ಉದ್ಯಾನವೆಂದು ತೋರಿಸಿದ ಜಾಗದಲ್ಲಿ ನಾಳೆ ಇನ್ನೊಂದು ಸಾಲು ಮಳಿಗೆ ಏಳಬೇಕಾದರೆ, ಮೂರರಲ್ಲಿ ಎರಡು ಪಾಲು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಈ ಹಕ್ಕನ್ನು ಬಿಟ್ಟುಕೊಡುವ ಸಾಲು ಕರಾರಿನಲ್ಲಿ ನುಸುಳಿದೆಯೇ ಎಂದು ವಕೀಲರಿಂದ ಓದಿಸಿ.

4. ಎರಡು ಕಾಲದಲ್ಲಿ ಜಾಗ ನೋಡಿ. ಮೇ ತಿಂಗಳಲ್ಲಿ ಪಕ್ಕದ ಮನೆಯ ಬಾವಿಯಿಂದ ಒಂದು ಕೊಡ ಸೇದಿಸಿ ರುಚಿ ನೋಡಿ. ಆ ನೀರು ಉಪ್ಪಾಗಿದ್ದರೆ ನೂರಾರು ಮನೆ, ಹೋಟೆಲಿಗೆ ನೀರು ಎಲ್ಲಿಂದ ತರುತ್ತಾರೆಂದು ಬಿಲ್ಡರ್ ಬಳಿ ಬರಹದಲ್ಲಿ ಕೇಳಿ. ಆಷಾಢದಲ್ಲಿ, ಭಾರೀ ಮಳೆಯ ಮಾರನೇ ಬೆಳಿಗ್ಗೆ, ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯಿರಿ. ಗೋಡೆಯ ಮೇಲಿನ ಕೆಸರಿನ ಗೆರೆ ಬ್ರೋಷರ್‌ಗಿಂತ ನಂಬಿಕಸ್ಥ. ಜಾಗಕ್ಕಾಗಿ ಗುಡ್ಡ ಕಡಿದಿದ್ದರೆ, ತಡೆಗೋಡೆಯ ತೂತುಗಳಿಂದ ನೀರು ಹರಿಯುತ್ತಿದೆಯೇ ಎಂದೂ ನೋಡಿ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದನ್ನು ಕಂಡ ನಾವು ಇದನ್ನು ಬಿಡುವಂತಿಲ್ಲ.

5. ಕೀಲಿ ಪಡೆಯುವಾಗ ಸ್ಥಳೀಯ ಸಂಸ್ಥೆ ಕೊಟ್ಟ ಒಸಿ (ವಾಸಯೋಗ್ಯ ಪ್ರಮಾಣಪತ್ರ) ನಿಮ್ಮ ಬ್ಲಾಕಿನದೇ ಎಂದು ಖಚಿತಪಡಿಸಿಕೊಳ್ಳಿ. ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬರಹದಲ್ಲಿ ತಿಳಿಸಿ. 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸುವ ಹೊಣೆ ಬಿಲ್ಡರ್‌ನದು.