ಆರತಕ್ಷತೆ ಊಟಕ್ಕೆ ಹಿರಿಯರನ್ನು ಕೂರಿಸಿ ಬಡಿಸಿ

ಮದುವೆ ನಿಶ್ಚಯ ಆದ ಮರುದಿನವೇ ಎಲ್ಲರೂ ಹಾಲ್ ನೋಡಲು ಓಡುತ್ತಾರೆ. ಅದಕ್ಕೂ ಮೊದಲು ಊಟ ಪಂಕ್ತಿಯೋ ಬಫೆಯೋ ಅಂತ ಮನೆಯವರೆಲ್ಲ ಕೂತು ಮಾತಾಡಿ. ಹಾಲ್ ಎಷ್ಟು ದೊಡ್ಡದಿರಬೇಕು ಅನ್ನೋದು ಅದರ ಮೇಲೆಯೇ ನಿಂತಿದೆ.

ಲೆಕ್ಕ ಹಾಕಿ ನೋಡಿ. ಊಟದ ಹಾಲಿನಲ್ಲಿ 200 ಜನ ಕೂರಬಹುದು, ಬರುವವರು 800 ಅಂದುಕೊಳ್ಳಿ. ನಾಲ್ಕು ಪಂಕ್ತಿ ಆಯಿತು. ಒಂದೊಂದಕ್ಕೆ ಅರ್ಧ ಗಂಟೆ, ನಡುವೆ ಎಲೆ ತೆಗೆದು ಒರೆಸಲು ಹತ್ತು ನಿಮಿಷ. ಎಂಟಕ್ಕೆ ಶುರು ಮಾಡಿದರೆ ಕೊನೆಯವರು ಏಳುವಾಗ ಹತ್ತೂವರೆ. ಆಳಂದ, ಸೇಡಂ, ಚಿತ್ತಾಪುರ ಕಡೆಯಿಂದ ಬಂದವರು ಕಲಬುರಗಿಯಿಂದ ಊರು ಸೇರೋದು ಯಾವಾಗ? ಅದಕ್ಕೇ ಜನ ಜಾಸ್ತಿ ಇದ್ದರೆ ಬಫೆ ಇರಲಿ ಅಂತಲೇ ನಾನೂ ಹೇಳುತ್ತೇನೆ.

ಆದರೆ ಪೂರ್ತಿ ಬಫೆ ಬೇಡ. ನಮ್ಮ ದೊಡ್ಡ ಮಗಳ ಮದುವೆಯಲ್ಲಿ ಹಾಗೆ ಮಾಡಿದ್ದೆವು. ಸೋದರತ್ತೆಗೆ ಎಂಬತ್ತರ ಹತ್ತಿರ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ. ರೊಟ್ಟಿ ಮುರಿಯೋದು ಹೇಗೆ? ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಬಿಟ್ಟರು. ನಮಗೆ ಗೊತ್ತಾಗಿದ್ದು ಮರುದಿನ. ಇವತ್ತಿಗೂ ಆ ನೋವು ಹೋಗಿಲ್ಲ.

ಈಗ ಯಾರು ಕೇಳಿದರೂ ಒಂದೇ ಹೇಳುತ್ತೇನೆ. ಒಂದು ಬದಿಗೆ ಐವತ್ತು ಜನ ಕೂರುವಷ್ಟು ಟೇಬಲ್ಲು ಕುರ್ಚಿ ಹಾಕಿಸಿ. ಹಿರಿಯರು, ಬಸುರಿಯರು, ಕೂಸು ಎತ್ತಿಕೊಂಡವರು ಅಲ್ಲಿ ಕೂರಲಿ. ಬಡಿಸಲು ನಾಲ್ಕು ಜನ ಸಾಕು. ಬೀಗರ ಕಡೆ ಹಿರಿಯರನ್ನು ಮಾತ್ರ ಮನೆಯವರೇ ಹೋಗಿ ಕರೆತಂದು ಕೂರಿಸಬೇಕು, ಎದುರು ನಿಂತು ಇನ್ನೊಂದು ಚೂರು ಹುಗ್ಗಿ ಹಾಕಿಸಬೇಕು. ಬಾಡಿಗೆ ಹುಡುಗರ ಕೈಗೆ ಆ ಕೆಲಸ ಬಿಡಬೇಡಿ.

ಬಫೆಯಲ್ಲಿ ನೀರಿನ ಜಾಗ ಊಟದ ಸಾಲಿನಿಂದ ದೂರ ಇರಲಿ, ಇಲ್ಲದಿದ್ದರೆ ಅಲ್ಲೇ ಜನ ಗುಂಪಾಗುತ್ತಾರೆ. ಬಿಸಿ ರೊಟ್ಟಿಗೆ ಬೇರೆಯದೇ ಟೇಬಲ್ ಬೇಕು, ಯಾಕಂದರೆ ಸಾಲು ನಿಲ್ಲೋದೇ ಅಲ್ಲಿ. ಪಕ್ಕದಲ್ಲಿ ಖಡಕ್ ರೊಟ್ಟಿ ಒಟ್ಟಿರಿ. ಅದನ್ನು ರೊಟ್ಟಿ ಮಾಡುವ ಹೆಣ್ಣುಮಕ್ಕಳಿಗೆ ಹೇಳಿ ವಾರ ಮೊದಲೇ ತರಿಸಿಡಬಹುದು, ಕೆಡುವುದಿಲ್ಲ. ಪದಾರ್ಥ ಇಪ್ಪತ್ತು ಬೇಡ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ನಮ್ಮ ತೊಗರಿ ಬೇಳೆಯ ಗಟ್ಟಿ ಪಪ್ಪು, ಅನ್ನ ಸಾರು, ಮೇಲೆ ಒಂದು ಸಿಹಿ. ಇಷ್ಟೇ ರುಚಿಯಾಗಿದ್ದರೆ ಜನ ಹೊಟ್ಟೆ ತುಂಬ ಉಣ್ಣುತ್ತಾರೆ, ತಟ್ಟೆಯಲ್ಲಿ ಬಿಡೋದೂ ಕಡಿಮೆ.

ಏಪ್ರಿಲ್, ಮೇ ಮದುವೆ ಆದರೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ರಾತ್ರಿಯೂ ಧಗೆ ಇಳಿಯೋದಿಲ್ಲ. ತಲೆಗೆ ಒಂದು ಲೀಟರ್ ನೀರು ಹಿಡಿಯಿರಿ. 800 ಜನಕ್ಕೆ 20 ಲೀಟರಿನ 40 ಕ್ಯಾನು. ಕೂಲರ್ ಗಾಳಿ ಕೂತವರ ಕಡೆ ತಿರುಗಿಸಿ, ರೊಟ್ಟಿ ಟೇಬಲ್ ಕಡೆ ಬೇಡ, ಬಿಸಿ ಆರಿಬಿಡುತ್ತದೆ. ಮೊಸರನ್ನೂ ಒಮ್ಮೆಲೇ ಹೊರಗಿಡಬೇಡಿ, ಹುಳಿಯಾಗುತ್ತದೆ. ಒಂದೊಂದೇ ಡಬ್ಬಿ ತೆಗೆಸಿ.