ಡೇಟಾಬೇಸ್, ಓಎಸ್: ಜೋಡಿ ನೋಡಿ ಆರಿಸಿ

ಹೊಸ ಪ್ರಾಜೆಕ್ಟ್ ಶುರುವಾದಾಗ ಡೇಟಾಬೇಸ್ ಬಗ್ಗೆ ಒಂದು ದಿನ ಚರ್ಚೆ, ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ) ಬಗ್ಗೆ ಇನ್ನೊಂದು ದಿನ. ಎರಡನ್ನೂ ಒಟ್ಟಿಗೇ ನೋಡಿದರೆ ತಲೆನೋವು ಕಡಿಮೆ. ಊರಿನ ಗ್ರಂಥಾಲಯಕ್ಕೆ ಪುಸ್ತಕದ ಲೆಕ್ಕ ಇಡುವ ತಂತ್ರಾಂಶ ಮಾಡುತ್ತಿದ್ದೀರಿ ಎಂದುಕೊಳ್ಳಿ.

ಮೊದಲು, ಒಂದೇ ಹೊತ್ತಿಗೆ ಎಷ್ಟು ಜನ ಎಂಟ್ರಿ ಮಾಡುತ್ತಾರೆ ಎಂದು ಎಣಿಸಿ. ಓದುವವರ ಲೆಕ್ಕ ಆಮೇಲೆ. ಕೌಂಟರ್‌ನಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಧಾರಾಳ ಸಾಕು. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್. ವಿಂಡೋಸ್‌ನಿಂದ ಲಿನಕ್ಸ್‌ಗೆ ನಕಲು ಮಾಡಿದರೂ ಹಾಗೇ ತೆರೆಯುತ್ತದೆ. ಆದರೆ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ನಾಲ್ಕೈದು ಶಾಖೆಗಳಿದ್ದರೆ ಸರ್ವರ್‌ನಲ್ಲಿ ಓಡುವ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು.

ಆಮೇಲೆ ಸರ್ವರ್‌ನಲ್ಲಿ ಯಾವ ಓಎಸ್ ಇರುತ್ತದೆ ಎಂದು ಕೇಳಿ. ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರದ ಗೊಡವೆಗೆ ಹೋಗುವುದಿಲ್ಲ. ಲಿನಕ್ಸ್‌ನಲ್ಲಿ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಸರ್ವರ್‌ಗೆ ಹೋದ ಕೂಡಲೇ ‘ಟೇಬಲ್ ಇಲ್ಲ’ ಅನ್ನುವುದು ಎಷ್ಟೋ ಸಲ ಇದಕ್ಕೇ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲೇ ಇಡಿ, ಮುಗೀತು.

ಈಗ ಕನ್ನಡ ತುಂಬಿಸಿ ನೋಡಿ. ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರಗಳನ್ನು ಉಳಿಸಿಡುವ ಹಳೆಯ ವಿಧಾನವಾದ ‘ಯುಟಿಎಫ್8’ ಒಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡಕ್ಕೆ ಬೇಕಾದದ್ದೂ 3, ಹಾಗಾಗಿ ಪುಸ್ತಕದ ಹೆಸರು ಸರಿಯಾಗೇ ಕೂರುತ್ತದೆ. ಯಾರೋ ಎಮೋಜಿ ಹಾಕಿದ ದಿನ ಎಡವುತ್ತದೆ, ಅದಕ್ಕೆ 4 ಬೇಕು. ಶುರುವಿನಲ್ಲೇ ‘ಯುಟಿಎಫ್8ಎಂಬಿ4’ ಆರಿಸಿ. ಇನ್ನೊಂದು ಮಾತು: ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ‘ಕ್ಷ’ ಡೇಟಾಬೇಸ್‌ನ ಲೆಕ್ಕದಲ್ಲಿ ಮೂರು ಅಕ್ಷರ. ಕಾಲಂ ಉದ್ದ ಕೊಡುವಾಗ ಜಿಪುಣತನ ಬೇಡ.

ಪೋಸ್ಟ್‌ಗ್ರೆಸ್‌ನದು ಬೇರೆ ಕಥೆ. ಲಿನಕ್ಸ್‌ನಲ್ಲಿ ಅದು ಅಕಾರಾದಿಯ ನಿಯಮವನ್ನು ಸಾಮಾನ್ಯವಾಗಿ ಓಎಸ್‌ನಿಂದಲೇ ಕಡ ತರುತ್ತದೆ. ಆ ನಿಯಮಗಳು ಇರುವುದು ಲಿನಕ್ಸ್‌ನ ಜಿಲಿಬ್‌ಸಿ ಎಂಬ ಭಾಗದಲ್ಲಿ. 2018ರಲ್ಲಿ ಬಂದ ಅದರ 2.28 ಆವೃತ್ತಿ ಅವನ್ನೇ ಬದಲಿಸಿತು. ಡೆಬಿಯನ್ ಎಂಬ ಲಿನಕ್ಸ್‌ನ 9ರಿಂದ 10ಕ್ಕೆ ಹೋದವರು ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಮತ್ತೆ ಕಟ್ಟಬೇಕಾಯಿತು. ಕಟ್ಟದಿದ್ದರೆ, ಟೇಬಲ್‌ನಲ್ಲಿ ಇರುವ ದಾಖಲೆಯೇ ಹುಡುಕಿದಾಗ ಸಿಗದೆ ಹೋಗಬಹುದು. ಓಎಸ್ ಅಪ್‌ಗ್ರೇಡ್ ಮಾಡಿದ್ದಕ್ಕೆ ಡೇಟಾಬೇಸ್ ಕೆಟ್ಟಿತು ಅಂದರೆ ಯಾರು ನಂಬುತ್ತಾರೆ, ಅಲ್ವಾ? ಅಪ್‌ಗ್ರೇಡ್ ವೇಳೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ರೀಇಂಡೆಕ್ಸ್ ಅಂತ ಈಗಲೇ ಬರೆದಿಡಿ.

ಇಷ್ಟಾದರೂ ಶಾಖೆಗಳಿರುವ ಗ್ರಂಥಾಲಯಕ್ಕೆ ನನ್ನ ಓಟು ಉಬುಂಟು ಎಲ್‌ಟಿಎಸ್ (ದೀರ್ಘ ಕಾಲದ ಬೆಂಬಲವಿರುವ ಲಿನಕ್ಸ್), ಪೋಸ್ಟ್‌ಗ್ರೆಸ್ ಜೋಡಿಗೇ. ಕೈ ಹಾಕುವ ಮುಂಚೆ ಎರಡರ ಆಯಸ್ಸು ನೋಡಿಕೊಳ್ಳಿ. ಉಬುಂಟು 24.04ಕ್ಕೆ 2029ರವರೆಗೆ ಬೆಂಬಲವಿದೆ. ಅದರೊಳಗಿನ ಪೋಸ್ಟ್‌ಗ್ರೆಸ್ 16ಕ್ಕೆ ಅದರ ತಂಡ ಕೊಡುವ ಬೆಂಬಲ 2028ರ ನವೆಂಬರ್‌ಗೇ ಮುಗಿಯುತ್ತದೆ.