ಸಿಲಿಂಡರನ್ನು ಖಾಲಿ ಇರುವಾಗ ನೋಡಿ ಖರೀದಿಸಿ: ಬಾವಿ ಕೆಲಸಕ್ಕೆ ಟ್ಯಾಂಕ್ ಆರಿಸಿದ ನನ್ನ ಅನುಭವ

ನಾಗಮಂಗಲ, ಪಾಂಡವಪುರದ ಕಡೆಯ ತೆರೆದ ಬಾವಿಗಳಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಕಳಚಿ ಬಿದ್ದ ಸಬ್‌ಮರ್ಸಿಬಲ್ ಮೋಟರುಗಳನ್ನೂ ಫುಟ್‌ವಾಲ್ವ್‌ಗಳನ್ನೂ ಮೇಲೆತ್ತಿಕೊಡುವುದು ನನ್ನ ಕೆಲಸ. 7 ಲೀಟರಿನ ಸಣ್ಣ ಉಕ್ಕಿನ ಸಿಲಿಂಡರ್ ತಂದ ದಿನ ಮಂಡ್ಯದ ಹಿರಿಯ ಮುಳುಗುಗಾರರೊಬ್ಬರು ಅದನ್ನು ಕಾಲಿನಿಂದ ಸರಿಸಿ ನೋಡಿ, "ಏನಪ್ಪಾ, ಬೆಂಕಿ ಆರ್ಸೋ ಸಿಲಿಂಡ್ರು ಎತ್ಕೊಂಡ್ ಬಂದಿದೀಯಾ?" ಎಂದು ಎಲ್ಲರೆದುರು ನಗಾಡಿದ್ದರು. ಅದೇ ಸಿಲಿಂಡರಿನಿಂದ ಕಳೆದ ಎರಡು ಬೇಸಿಗೆಗಳಲ್ಲಿ ಸುಮಾರು ನಲವತ್ತು ಮೋಟರು ಎತ್ತಿದ್ದೇನೆ. ಈಗ ಅವರೇ ಅದನ್ನು ಎಲ್ಲಿ ಕೊಂಡೆ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಹಳ ಮಂದಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸಮುದ್ರದಲ್ಲಿ ಮುಳುಗುವುದನ್ನು ಕಲಿತವರು. ಅಲ್ಲಿ ಬೆನ್ನಿಗೆ ಕಟ್ಟಿದ್ದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಆದ್ದರಿಂದ, ಊರಿಗೆ ಮರಳಿದವರೂ ಅದನ್ನೇ ಹುಡುಕುತ್ತಾರೆ. ನಾನೂ ಹುಡುಕಿದೆ. ಸುಮಾರು ಹದಿನಾಲ್ಕು ಸಾವಿರಕ್ಕೆ ಒಂದು ಹಳೆಯ ಸಿಲಿಂಡರ್ ಸಿಕ್ಕಿತು. ಬಣ್ಣ ಎದ್ದುಹೋಗಿತ್ತು, ಆದರೆ ಒಳಗೆ ಸ್ವಚ್ಛವಾಗಿತ್ತು. ಅಷ್ಟಕ್ಕೇ ಬಿಡದೆ ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಒಂಬೈನೂರು ರೂಪಾಯಿ ಕೊಟ್ಟು ಹಳದಿ ಪೌಡರ್ ಕೋಟಿಂಗ್ ಮಾಡಿಸಿದೆ. ಪೌಡರ್ ಕೋಟಿಂಗ್ ಎಂದರೆ ಹೆಚ್ಚುಕಡಿಮೆ ಇನ್ನೂರು ಡಿಗ್ರಿಯ ಒಲೆಯಲ್ಲಿ ಬೇಯಿಸುವುದು. ಅಲ್ಯೂಮಿನಿಯಂ ಸಿಲಿಂಡರಿಗೆ ಬಲ ಬರುವುದೇ ಕಾರ್ಖಾನೆಯಲ್ಲಿ ಅದಕ್ಕೆ ಕೊಟ್ಟ ಹದದಿಂದ, ಮತ್ತೆ ಅಷ್ಟು ಕಾಯಿಸಿದರೆ ಆ ಹದ ಕೆಡುತ್ತದೆ. ಹೈಡ್ರೋ ಟೆಸ್ಟಿಗೆ, ಅಂದರೆ ನೀರಿನ ಒತ್ತಡದ ಪರೀಕ್ಷೆಗೆ ಒಯ್ದಾಗ ಪರೀಕ್ಷೆ ಮಾಡುವವರು ಸಿಲಿಂಡರನ್ನು ನೀರಿಗೆ ಇಳಿಸಲೇ ಇಲ್ಲ. ಬಣ್ಣದ ಮೇಲೆ ಉಗುರಿನಿಂದ ಗೀಚಿ, "ಇದನ್ನು ಒಲೆಗೆ ಹಾಕಿಸಿದ್ದೀರಾ?" ಎಂದು ಕೇಳಿದರು. ನಾನು ಹೌದು ಎಂದೆ. ಅದು ಗುಜರಿಗೆ ಹೋಯಿತು, ಕೈಗೆ ಬಂದದ್ದು ಸಾವಿರದ ಏಳುನೂರೋ ಎಂಟುನೂರೋ.

ಎರಡನೆಯದೂ ಅಲ್ಯೂಮಿನಿಯಮ್ಮೇ, ಆದರೆ ಹೊಸದು. ಇದರಲ್ಲಿ ದೋಷವೇನೂ ಇರಲಿಲ್ಲ, ದೋಷವಿದ್ದದ್ದು ನನ್ನ ಆಯ್ಕೆಯಲ್ಲಿ. ಬಾವಿಯಲ್ಲಿ ನಮ್ಮ ನಿಜವಾದ ಕೆಲಸ ಗಾಳಿ ಮುಗಿಯುತ್ತಾ ಬಂದಾಗಲೇ ಶುರುವಾಗುತ್ತದೆ ಎಂಬುದನ್ನು ನೀವೂ ಕಂಡಿರಬಹುದು. ಮೊದಲ ಹತ್ತು ನಿಮಿಷ ಹೂಳಿನಲ್ಲಿ ಕೈಯಾಡಿಸಿ ಮೋಟರು ಹುಡುಕುವುದರಲ್ಲೇ ಕಳೆದುಹೋಗುತ್ತದೆ, ಹಗ್ಗ ಬಿಗಿಯುವುದು ಕೊನೆಯಲ್ಲಿ. ಸಿಲಿಂಡರಿನೊಳಗೆ ಒತ್ತಿ ತುಂಬಿದ ಎರಡು ಸಾವಿರ ಲೀಟರ್ ಗಾಳಿಗೆ ಸುಮಾರು ಎರಡೂವರೆ ಕಿಲೋ ತೂಕವಿದೆ, ಉಸಿರಾಡುತ್ತಾ ಹೋದಂತೆ ಆ ತೂಕ ಬೆನ್ನಿನಿಂದ ಇಳಿದುಹೋಗುತ್ತದೆ. ಖಾಲಿಯಾಗುತ್ತಿರುವ ಅಲ್ಯೂಮಿನಿಯಂ ಸಿಲಿಂಡರಿನ ತಳ ಮೇಲೇಳತೊಡಗುತ್ತದೆ, ಅದರೊಂದಿಗೆ ಸೊಂಟವೂ ಏಳುತ್ತದೆ, ತಲೆ ಹೂಳಿಗೆ ಹೋಗುತ್ತದೆ. ಮದ್ದೂರಿನ ಹತ್ತಿರದ ಒಂದು ಬಾವಿಯಲ್ಲಿ ಹಾಗೆ ತಲೆಕೆಳಗಾಗಿ, ಗಂಟು ಅರ್ಧಕ್ಕೇ ಬಿಟ್ಟು ಮೇಲೆ ಬಂದೆ. ಕಬ್ಬಿಗೆ ನೀರಿಲ್ಲದೆ ಕಾಯುತ್ತಿದ್ದ ಗೌಡರು ಏನೂ ಅನ್ನಲಿಲ್ಲ, ಕೂಲಿಯನ್ನೂ ಕೊಡಲಿಲ್ಲ. ಮುಳುಗಲು ಮೈಗೆ ಕಟ್ಟುವ ಸೀಸದ ತೂಕ ಹೆಚ್ಚಿಸಿದರಾಯಿತಲ್ಲ ಎನ್ನುವವರು ಐವತ್ತು ಅಡಿ ಹಗ್ಗದ ಏಣಿಯನ್ನು ಆ ತೂಕ ಹೊತ್ತು ಹತ್ತಿ ನೋಡಲಿ.

ಅಂದಿನಿಂದ ಸಿಲಿಂಡರನ್ನು ಖಾಲಿ ಇರುವಾಗ ಪರೀಕ್ಷಿಸದೆ ನಾನು ದುಡ್ಡು ಕೊಡುವುದಿಲ್ಲ. ಪಂಪ್‌ಹೌಸಿನ ಪಕ್ಕದ ತೊಟ್ಟಿಯೇ ನನ್ನ ಪ್ರಯೋಗಶಾಲೆ. ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಇಲ್ಲದೆ, ಇಪ್ಪತ್ತು ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಗಾಳಿಯನ್ನಷ್ಟೇ ಉಳಿಸಿಕೊಂಡು, ಸಿಲಿಂಡರನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಇಳಿಬಿಟ್ಟೆ. ಅಲ್ಯೂಮಿನಿಯಮ್ಮಿನದು ತಳ ಮೇಲೆ ಮಾಡಿ ತೇಲಿತು, ಮುಳುಗಿಸಲು ಹೆಚ್ಚುಕಡಿಮೆ ಒಂದು ಕಿಲೋ ಬೇಕಾಯಿತು. 7 ಲೀಟರಿನ ಉಕ್ಕಿನದು ಕಲ್ಲಿನಂತೆ ಕೆಳಗೆ ಕುಳಿತು, ತಕ್ಕಡಿಯಲ್ಲಿ ಇನ್ನೂ ಅರ್ಧ ಕಿಲೋದಷ್ಟು ತೋರಿಸಿತು. ಸಮುದ್ರದ ಉಪ್ಪುನೀರಿನಲ್ಲಿ ಈ ಅಂಕಿಗಳು ಬೇರೆಯಾಗುತ್ತವೆ, ಆದ್ದರಿಂದ ಅಂಗಡಿಯವರು ಕೊಡುವ ಪಟ್ಟಿಯನ್ನು ನಂಬಿ ಬಾವಿಗಿಳಿಯಬಾರದು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಅಗ್ನಿಶಾಮಕದವರು ಬೆನ್ನಿಗೆ ಕಟ್ಟುವ, 300 ಬಾರಿನ ಕಾರ್ಬನ್ ನೂಲಿನ ಸಿಲಿಂಡರ್ ನಾಲ್ಕೇ ಕಿಲೋ ಇರುವುದನ್ನು ಕಂಡು ಆಸೆಯಾಯಿತು. ಪರಿಚಯದ ವ್ಯಾಪಾರಿಯಿಂದ ಒಂದನ್ನು ಎರವಲು ತಂದು ತೊಟ್ಟಿಗೆ ಬಿಟ್ಟರೆ ಪ್ಲಾಸ್ಟಿಕ್ ಬಿಂದಿಗೆಯಂತೆ ಕುಣಿಯಿತು. ಅದು ನೀರಿಗಾಗಿ ಮಾಡಿದ್ದಲ್ಲ. ತುಂಬುವ ಜಾಗದಲ್ಲಿ 300 ಬಾರ್ ಬರುವುದೂ ಇಲ್ಲ. ಮರುದಿನವೇ ಹಿಂದಿರುಗಿಸಿದೆ.

12 ಲೀಟರಿನ ಉಕ್ಕಿನ ಸಿಲಿಂಡರಿಗೂ ಇಪ್ಪತ್ತು ಸಾವಿರದ ಮೇಲೆ ಸುರಿದೆ. ನೀರಿನಲ್ಲಿ ಅದು ಒಳ್ಳೆಯದೇ, ಆದರೆ ನಮ್ಮ ಬಾವಿಗಳಲ್ಲಿ ಕಲ್ಲುಗಳ ನಡುವೆ ಚಾಚಿಕೊಂಡ ಚಪ್ಪಡಿ ಮೆಟ್ಟಿಲುಗಳಿಗೆ ಅದರ ತಳ ತಾಗದ ದಿನವೇ ಇರಲಿಲ್ಲ. ವರ್ಷದೊಳಗೆ ಮಾರಿ ಆರು ಸಾವಿರ ಕಳೆದುಕೊಂಡೆ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರೂ ನಗುವುದು ಇಲ್ಲಿಯೇ. ಬೆಂಗಳೂರಿನಲ್ಲಿ 200 ಬಾರಿಗೆ ತುಂಬಿಸಿದರೆ ಆಗ ಸಿಲಿಂಡರ್ ಬಿಸಿಯಾಗಿರುತ್ತದೆ, ಮಂಡ್ಯ ತಲುಪಿ ತಣ್ಣಗಾದ ಮೇಲೆ ಮೀಟರಿನಲ್ಲಿ 185 ಉಳಿದರೆ ನನ್ನ ಪುಣ್ಯ. 7 ಲೀಟರಿನಿಂದ ಗುಣಿಸಿದರೆ ಅದು 1300 ಲೀಟರ್ ಗಾಳಿಯ ಆಸುಪಾಸು. ಕೊನೆಯ ಐವತ್ತು ಬಾರನ್ನು ನಾನು ಎಂದೂ ಮುಟ್ಟುವುದಿಲ್ಲ, ಅದನ್ನು ಕಳೆದರೆ 950 ಉಳಿಯಿತು. ಕೆಲಸ ಮಾಡುವಾಗ ನಿಮಿಷಕ್ಕೆ 25 ಲೀಟರ್ ಎಳೆಯುತ್ತೇನೆ, ನಲವತ್ತು ಅಡಿ ನೀರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಅದು 55 ಆಗುತ್ತದೆ. ಅಂದರೆ ಹದಿನೇಳು ನಿಮಿಷದ ಗಾಳಿ. ಅಲ್ಯೂಮಿನಿಯಮ್ಮಿನದರಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ನಿಮಿಷ ಬರುತ್ತಿತ್ತು, ನಿಜ. ಆದರೆ ಒಂದು ದೊಡ್ಡದರ ಬದಲು ಎರಡು ಸಣ್ಣವನ್ನು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಹುಡುಕಿ ಗುರುತಿನ ಹಗ್ಗ ಬಿಟ್ಟು ಬರುತ್ತೇನೆ, ಮೇಲೆ ಕುಳಿತು ಸುಧಾರಿಸಿಕೊಳ್ಳುವಷ್ಟರಲ್ಲಿ ಹೂಳು ತುಸು ಇಳಿಯುತ್ತದೆ, ಎರಡನೆಯದರಲ್ಲಿ ಇಳಿದು ಕಟ್ಟುತ್ತೇನೆ. ಕಟ್ಟುವ ವರಸೆ ಮಾತ್ರ ನನ್ನ ಹೊಟ್ಟೆಪಾಡು, ಅದನ್ನು ಕೇಳಬೇಡಿ.

ಎರಡಕ್ಕೂ ಸೇರಿ ಮೂವತ್ತೈದು ಸಾವಿರದಷ್ಟಾಯಿತು. ಉಕ್ಕಿಗೆ ತುಕ್ಕಿನ ಭಯವಿರುವುದು ಸುಳ್ಳಲ್ಲ. ಇವೆರಡನ್ನು ಕೊಳ್ಳುವ ಮೊದಲು ಇನ್ನೊಂದನ್ನು ನೋಡಿದ್ದೆ, ಹೊರಗೆ ಹೊಸ ಬಣ್ಣ ಮಿಂಚುತ್ತಿತ್ತು. ತಲೆಕೆಳಗು ಮಾಡಿ ಅಲುಗಾಡಿಸಿದರೆ ಒಳಗೆ ರಾಗಿ ಕಾಳು ಉರುಳಿದಂತೆ ಸದ್ದು. ವಾಲ್ವ್ ಬಿಚ್ಚಿಸಿ, ತಂತಿಗೆ ಕಟ್ಟಿದ ಸಣ್ಣ ಎಲ್‌ಇಡಿ ದೀಪ ಇಳಿಸಿದಾಗ ಒಂದು ಪಾರ್ಶ್ವದುದ್ದಕ್ಕೂ ಗುಳಿಗಳು ಕಂಡವು, ನೀರು ಸೇರಿ ಮಲಗಿಸಿಟ್ಟಿದ್ದ ಸಿಲಿಂಡರ್ ಅದು. ನಾನು ಗಾಳಿಯನ್ನು ಪೂರ್ತಿ ಖಾಲಿ ಮಾಡದೆ, ಸದಾ ನಿಲ್ಲಿಸಿಯೇ ಇಡುತ್ತೇನೆ. ಪ್ರತಿವರ್ಷ ಒಳಗಿನ ಪರೀಕ್ಷೆಯನ್ನೂ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟನ್ನೂ ತಪ್ಪಿಸುವುದಿಲ್ಲ. ಸಿಲಿಂಡರಿನ ಭುಜದ ಮೇಲೆ ಒತ್ತಿದ ಟೆಸ್ಟಿನ ತಿಂಗಳು, ವರ್ಷ ಓದಲಾಗದಿದ್ದರೆ ಅರ್ಧ ಬೆಲೆಗೂ ಬೇಡ.

ವಾಲ್ವಿನ ವಿಷಯದಲ್ಲಿ ಒಂದೇ ಮಾತು. ರೆಗ್ಯುಲೇಟರನ್ನು ವಾಲ್ವಿಗೆ ಬಿಗಿಯುವ ಯೋಕ್ ಎಂಬ ಹಿಡಿತದ ತಿರುಪು ಹಿಂದಕ್ಕೆ ಚಾಚಿಕೊಂಡಿರುವುದರಿಂದ ಬಾವಿಯ ಹಳೆಯ ಕೇಬಲ್, ಹಗ್ಗಗಳೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತವೆ. ನಾನು ರೆಗ್ಯುಲೇಟರನ್ನು ಒಳಕ್ಕೇ ತಿರುಗಿಸಿ ಕೂರಿಸುವ, ಒಳಬಿಲ್ಲೆ ಇರುವ ಡಿನ್ ವಾಲ್ವ್ ಹಾಕಿಸಿದ್ದೇನೆ, ತುಂಬಿಸುವಾಗ ಬಿಲ್ಲೆ ಕೂರಿಸಿದರೆ ಯೋಕ್ ಹಿಡಿಯುತ್ತದೆ, ಬಾವಿಗಿಳಿಯುವಾಗ ಅಲೆನ್ ಕೀಯಿಂದ ಬಿಚ್ಚುತ್ತೇನೆ. ವಾಲ್ವ್ ಬದಲಿಸುವಾಗ ಸಿಲಿಂಡರಿನ ಕತ್ತಿನ ತಿರುಪುಸುತ್ತಿನ ಅಳತೆ ಓದಿಸಿ. ಎಂ25 ಮತ್ತು ಮುಕ್ಕಾಲು ಇಂಚು ಎಂಬ ಎರಡು ಅಳತೆಗಳು ಕೈಗೆ ಒಂದೇ ಎನಿಸುತ್ತವೆ, ಒಂದರೊಳಗೆ ಇನ್ನೊಂದು ಕೂತಂತೆಯೂ ಕಾಣುತ್ತದೆ, ಆದರೆ ಒತ್ತಡಕ್ಕೆ ವಾಲ್ವ್ ಗುಂಡಿನಂತೆ ಹಾರುತ್ತದೆ.

ಅಂದು ನಗಾಡಿದ್ದ ನಮ್ಮ ಹಿರಿಯರಿಗೆ ಮೊನ್ನೆ ಒಂದು ಸಿಲಿಂಡರನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದೆ. ವಾರವಾಯಿತು, ಇನ್ನೂ ಹಿಂದಿರುಗಿಸಿಲ್ಲ.